ಅಣ್ಣನ ಹೆಸರಿಗೊಂದು ಕಲ್ಲು

2019ರ ಸೆಪ್ಟೆಂಬರ್ 17ರ ಬೆಳಿಗ್ಗೆ ಚಿತ್ರದುರ್ಗ ಜಿಲ್ಲೆಯ ಜೋಡಿಚಿಕ್ಕೇನಹಳ್ಳಿ ಬಳಿ ಆಕಾಶದಿಂದ ವಿಮಾನವೊಂದು ನೆಲಕ್ಕೆ ಬಿತ್ತು. ಸುತ್ತಲ ಹಳ್ಳಿಗಳ ಜನ ಓಡೋಡಿ ಬಂದರು. ವಿಮಾನ ಬಿದ್ದ ಕಡೆಗೆ ಓಡುವ ಯಾರ ಮನಸ್ಸಿನಲ್ಲಾದರೂ ಮೊದಲು ಏಳುವ ಪ್ರಶ್ನೆ ಒಂದೇ: ಒಳಗೆ ಯಾರಿದ್ದರು? ಅಂದು ಒಳಗೆ ಯಾರೂ ಇರಲಿಲ್ಲ. ಬಿದ್ದದ್ದು ರಕ್ಷಣಾ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆಯ 'ರುಸ್ತುಂ-2' ಎಂಬ ಮಾನವರಹಿತ ವಿಮಾನ. ಯಂತ್ರ ಚೂರಾಯಿತು. ಯಾವ ಮನೆಗೂ ತಂತಿ ಹೋಗಲಿಲ್ಲ, ಯಾವ ತಾಯಿಯೂ ಎದೆ ಬಡಿದುಕೊಳ್ಳಲಿಲ್ಲ, ಯಾವ ತಮ್ಮನೂ ಅಣ್ಣನ ಪೆಟ್ಟಿಗೆಗಾಗಿ ರೈಲು ನಿಲ್ದಾಣದಲ್ಲಿ ಕಾದು ನಿಲ್ಲಬೇಕಾಗಲಿಲ್ಲ.

ಆ ವಿಮಾನದ ಮನೆ ಚಳ್ಳಕೆರೆ ತಾಲ್ಲೂಕಿನ ವರವು ಕಾವಲಿನಲ್ಲಿರುವ ವೈಮಾನಿಕ ಪರೀಕ್ಷಾ ಕೇಂದ್ರ. 2017ರ ಮೇ 28ರಂದು ಇದರ ಉದ್ಘಾಟನೆಯಾಯಿತು. ಕುರಿ, ದನ ಮೇಯುತ್ತಿದ್ದ ಕಾವಲಿನ ಮೇಲಿನ ಆಕಾಶದಲ್ಲಿ ಸೈನ್ಯಕ್ಕೆ ಸಂಬಂಧಿಸಿದ ಯಂತ್ರಗಳು ಹಾರಾಡತೊಡಗಿದವು. ದೊಡ್ಡಉಳ್ಳಾರ್ತಿ ಮತ್ತು ಅದರ ಸುತ್ತಲ ಊರುಗಳವರಿಗೆ ಈಗ ಇದು ಹೊಸದಲ್ಲ.

ಆದರೆ ಮೇ 28 ಎಂಬ ಆ ದಿನಾಂಕಕ್ಕೆ ವಾಯುಪಡೆಯ ನೆನಪಿನಲ್ಲಿ ಬೇರೆಯೇ ಒಂದು ಅರ್ಥವಿದೆ. 1999ರಲ್ಲಿ ಅದೇ ದಿನ ಕಾರ್ಗಿಲ್ ಯುದ್ಧದಲ್ಲಿ ಒಂದು ಹೆಲಿಕಾಪ್ಟರ್ ಬಿತ್ತು. ಅದರೊಳಗೆ ನಾಲ್ವರಿದ್ದರು. ಇಬ್ಬರು ಪೈಲಟ್‌ಗಳು, ಇಬ್ಬರು ಸಾರ್ಜೆಂಟ್‌ಗಳು. ಯುದ್ಧದ ಕಥೆ ಹೇಳುವಾಗ ಪೈಲಟ್‌ಗಳ ಹೆಸರು ಸುಲಭವಾಗಿ ನಾಲಿಗೆಗೆ ಬರುತ್ತದೆ. ಹಿಂದೆ ಕುಳಿತು ಯಂತ್ರ ನೋಡಿಕೊಳ್ಳುವವನ, ಬಾಗಿಲಲ್ಲಿ ಬಂದೂಕು ಹಿಡಿಯುವವನ ಹೆಸರನ್ನು ಯಾರು ನೆನಪಿಡುತ್ತಾರೆ? ಈ ಪ್ರಶ್ನೆಗೆ ಉತ್ತರ ಹುಡುಕಲು ತುಂಬ ದೂರ ಹೋಗಬೇಕಿಲ್ಲ. ಕನ್ನಡ ನಾಡಿನ ಊರ ಮುಂದೆ, ಹೊಲದ ಬದುವಿನಲ್ಲಿ ನಿಂತಿರುವ ವೀರಗಲ್ಲುಗಳು ಸಾವಿರ ವರ್ಷಗಳ ಹಿಂದೆಯೇ ಒಂದು ಉತ್ತರ ಕೊಟ್ಟಿವೆ.

ಕಾವಲಿನ ನೆಲ

ಚಳ್ಳಕೆರೆ, ಮೊಳಕಾಲ್ಮುರು ಸೀಮೆ ಮಳೆಗೆ ಬಡವಾದರೂ ನೆನಪಿಗೆ ಬಡವಲ್ಲ. ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳ ಬಂಡೆಗಳ ಮೇಲೆ ಅಶೋಕನ ಶಾಸನಗಳಿವೆ. ಬಿ.ಎಲ್. ರೈಸ್ ಅವರು 1892ರಲ್ಲಿ ಇವುಗಳನ್ನು ಬೆಳಕಿಗೆ ತಂದರು. ಅದೇ ಬ್ರಹ್ಮಗಿರಿಯಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ಉತ್ಖನನ ನಡೆಸಿದಾಗ ಬೃಹತ್ ಶಿಲಾಯುಗದ ಸಮಾಧಿಗಳು ದೊರೆತವು. ಸತ್ತವರಿಗಾಗಿ ಕಲ್ಲು ಎತ್ತಿ ನಿಲ್ಲಿಸುವ ಪದ್ಧತಿ ಈ ನೆಲದಲ್ಲಿ ಅಕ್ಷರಕ್ಕಿಂತಲೂ ಹಳೆಯದು.

ಈ ಸೀಮೆಯ ಇನ್ನೊಂದು ಗುರುತು ಕಾವಲು. ಮೈಸೂರು ಅರಸರ ಕಾಲದ ಅಮೃತಮಹಲ್ ಕಾವಲುಗಳು ಇಲ್ಲಿ ವಿಸ್ತಾರವಾಗಿ ಹಬ್ಬಿದ್ದವು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ 'ಬೆಣ್ಣೆ ಚಾವಡಿ' ಎನಿಸಿಕೊಂಡಿದ್ದ ದನದ ಇಲಾಖೆಗೆ 'ಅಮೃತಮಹಲ್' ಎಂಬ ಹೆಸರಿಟ್ಟವನು ಟಿಪ್ಪು ಸುಲ್ತಾನ. ಫಿರಂಗಿ ಎಳೆಯಲು, ದಂಡಿನ ಸಾಮಾನು ಹೊರಲು ಈ ತಳಿಯ ಎತ್ತುಗಳೇ ಬೇಕಿತ್ತು. ಅಂದರೆ ಇಲ್ಲಿನ ಹುಲ್ಲುಗಾವಲಿಗೂ ಯುದ್ಧಕ್ಕೂ ಇರುವ ನಂಟು ನಿನ್ನೆ ಮೊನ್ನೆಯದಲ್ಲ. ಈಚಿನ ವರ್ಷಗಳಲ್ಲಿ ವರವು, ಖುದಾಪುರ, ಉಳ್ಳಾರ್ತಿ ಕಾವಲುಗಳ ಸಾವಿರಾರು ಎಕರೆ ಭೂಮಿ ರಕ್ಷಣೆ ಮತ್ತು ವಿಜ್ಞಾನ ಸಂಸ್ಥೆಗಳ ಪಾಲಾಯಿತು. ಬೇಲಿ ಬಂದಾಗ ಕುರಿ ಸಾಕುವವರು, ಕಂಬಳಿ ನೇಯುವವರು ಪ್ರತಿಭಟಿಸಿದ್ದೂ, ಹಸಿರು ನ್ಯಾಯಪೀಠದವರೆಗೆ ವಿಷಯ ಹೋದದ್ದೂ ಈಗ ಇತಿಹಾಸ.

ದನ ಇದ್ದಲ್ಲಿ ದನಗಳ್ಳರೂ ಇದ್ದರು. ಹಳಗನ್ನಡ ಶಾಸನಗಳಲ್ಲಿ 'ತುಱುಗೊಳ್' ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ತುರು ಎಂದರೆ ಹಸು. ಶತ್ರುಗಳು ಊರ ದನಗಳನ್ನು ಹೊಡೆದುಕೊಂಡು ಹೋಗುವುದೇ ತುರುಗೊಳ್. ಅವುಗಳನ್ನು ಬಿಡಿಸಿ ತರಲು ಹೋಗಿ ಸತ್ತವರಿಗೆ ಊರಿನವರು ಕಲ್ಲು ನಿಲ್ಲಿಸುತ್ತಿದ್ದರು. ಇಂದಿಗೂ ದೇವರ ಎತ್ತುಗಳನ್ನು ಸಾಕುವ, ಅವುಗಳ ಕಿಲಾರಿಗಳನ್ನು ಗೌರವಿಸುವ ಮ್ಯಾಸನಾಯಕರ ಹಟ್ಟಿಗಳಲ್ಲಿ ಗಾದ್ರಿಪಾಲನಾಯಕ, ಜಗಲೂರು ಪಾಪನಾಯಕರಂಥ ವೀರರು ಪೂಜೆಗೊಳ್ಳುತ್ತಾರೆ. ಅವರಾರೂ ಸಿಂಹಾಸನ ಏರಿದವರಲ್ಲ. ಚಿತ್ರದುರ್ಗದ ಕೋಟೆಗೆ ಬಂದವರು ಮೊದಲು ಕೇಳುವುದೂ ಪಾಳೆಯಗಾರನ ಅರಮನೆಯನ್ನಲ್ಲ, ಕಾವಲುಗಾರನೊಬ್ಬನ ಹೆಂಡತಿ ಓಬವ್ವನ ಕಿಂಡಿಯನ್ನು.

ಕಲ್ಲು ನಿಲ್ಲಿಸಿದವರು

ವೀರಗಲ್ಲು ಎಂದರೆ ಸಾಮಾನ್ಯವಾಗಿ ಮೂರು ಪಟ್ಟಿಕೆಗಳ ಒಂದು ಶಿಲೆ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ: ಬಿಲ್ಲು, ಕತ್ತಿ, ಕುದುರೆ, ಕೆಲವೊಮ್ಮೆ ಓಡುತ್ತಿರುವ ದನಗಳ ಸಾಲು. ನಡುವಿನ ಪಟ್ಟಿಕೆಯಲ್ಲಿ ಸತ್ತ ವೀರನನ್ನು ಅಪ್ಸರೆಯರು ವಿಮಾನದಲ್ಲಿ ಕುಳ್ಳಿರಿಸಿಕೊಂಡು ಆಕಾಶಮಾರ್ಗವಾಗಿ ಒಯ್ಯುತ್ತಾರೆ. ಮೇಲಿನ ಪಟ್ಟಿಕೆಯಲ್ಲಿ ಆತ ಶಿವಲಿಂಗದ ಮುಂದೆ ಕೈಮುಗಿದು ಕುಳಿತಿರುತ್ತಾನೆ. ಅದರ ಮೇಲೆ ಸೂರ್ಯ ಚಂದ್ರರು. ಅವರು ಇರುವವರೆಗೆ ಈ ನೆನಪು ಇರಲಿ ಎಂಬುದು ಇದರ ಭಾವ.

ಈ ಕಲ್ಲುಗಳು ರಾಜರಿಗಷ್ಟೇ ಮೀಸಲಾಗಿರಲಿಲ್ಲ ಎಂಬುದು ಗಮನಿಸಬೇಕಾದ ಸಂಗತಿ. ಚಿತ್ರದುರ್ಗದ ಬಳಿಯ ತಮಟಕಲ್ಲಿನ ಶಾಸನ ಗುಣಮಧುರನೆಂಬ ವೀರನನ್ನು ಪದ್ಯದಲ್ಲಿ ಕೊಂಡಾಡುತ್ತದೆ. ಕನ್ನಡದ ಅತಿ ಪ್ರಾಚೀನ ಪದ್ಯಶಾಸನಗಳಲ್ಲಿ ಅದೂ ಒಂದು. ಬೆಂಗಳೂರು ಎಂಬ ಊರ ಹೆಸರಿನ ಮೊದಲ ಉಲ್ಲೇಖ ದೊರೆಯುವುದು ಬೇಗೂರಿನ, ಸುಮಾರು ಕ್ರಿ.ಶ. 900ರ ಒಂದು ವೀರಗಲ್ಲಿನಲ್ಲಿ. ಬೆಂಗಳೂರಿನ ಕಾಳಗದಲ್ಲಿ ಮಡಿದವನ ನೆನಪಿನ ಕಲ್ಲು ಅದು. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ 10ನೇ ಶತಮಾನದ ನಡುಭಾಗದ ಕಲ್ಲೊಂದು ಹಂದಿಯೊಡನೆ ಹೋರಾಡಿ ಸತ್ತ 'ಕಾಳಿ' ಎಂಬ ಬೇಟೆನಾಯಿಯ ನೆನಪಿಗಾಗಿ ನಿಂತಿದೆ. ನಾಯಿಯ ಋಣವನ್ನೂ ಮರೆಯದ ನಾಡು ಇದು.

ಸತ್ತವನ ಹೆಸರಿನ ಜೊತೆಗೆ ಕಲ್ಲು ನಿಲ್ಲಿಸಿದವರು ಯಾರೆಂಬುದನ್ನೂ ಅನೇಕ ಶಾಸನಗಳು ಹೇಳುತ್ತವೆ. ಕೆಲವು ಕಡೆ ಮಗ, ಕೆಲವು ಕಡೆ ಹೆಂಡತಿ, ಕೆಲವು ಕಡೆ ಒಡೆಯ ಅಥವಾ ಊರ ಗೌಡ. ಇನ್ನು ಕೆಲವು ಕಡೆ ಅಣ್ಣನಿಗಾಗಿ ತಮ್ಮ, ತಮ್ಮನಿಗಾಗಿ ಅಣ್ಣ. ಸತ್ತವನ ಕುಟುಂಬಕ್ಕೆ ಭೂಮಿ ಬಿಟ್ಟುಕೊಡುವ ಪದ್ಧತಿಯೂ ಇತ್ತು. ಅದನ್ನು 'ನೆತ್ತರುಗೊಡಗೆ' ಎನ್ನುತ್ತಿದ್ದರು. ನೆತ್ತರು ಹರಿಸಿದ್ದಕ್ಕೆ ಕೊಟ್ಟ ಕೊಡುಗೆ ಎಂದು ಅರ್ಥ. ಇಂದಿನ ಕುಟುಂಬ ಪಿಂಚಣಿಯ ಹಿರಿಯಜ್ಜ ಅದು ಎನ್ನಬಹುದು.

ಭೂಮಿ ಹೆಂಡತಿ ಮಕ್ಕಳಿಗೆ ಹೋಗುತ್ತಿತ್ತು. ಒಡಹುಟ್ಟಿದವನಿಗೆ ಸಿಗುತ್ತಿದ್ದುದು ಹೆಚ್ಚೆಂದರೆ ಕಲ್ಲು ನಿಲ್ಲಿಸುವ ಹೊಣೆ. ಕಲ್ಲು ಕಡಿಸಬೇಕು, ರೂವಾರಿಗೆ ಕೊಡಬೇಕು, ಹೆಸರನ್ನು ತಪ್ಪಿಲ್ಲದೆ ಬರೆಸಬೇಕು. ಆ ಹೊಣೆ ಹೊತ್ತವರು ಇದ್ದ ಕಡೆ ಹೆಸರು ಉಳಿಯಿತು. ಬರಹವಿಲ್ಲದ ವೀರಗಲ್ಲುಗಳು ನಾಡಿನಲ್ಲಿ ಲೆಕ್ಕವಿಲ್ಲದಷ್ಟಿವೆ. ಜನ ಅವುಗಳಿಗೆ ಎಣ್ಣೆ ಹಚ್ಚಿ, ಕುಂಕುಮವಿಟ್ಟು ವೀರಣ್ಣ ಎನ್ನುತ್ತಾರೆ, ಈರಗಾರ ಎನ್ನುತ್ತಾರೆ. ಆ ವೀರಣ್ಣನ ನಿಜವಾದ ಹೆಸರೇನು, ಯಾರ ಮಗ, ಎಷ್ಟು ಜನರೊಡನೆ ಹುಟ್ಟಿದವನು ಎಂದು ಕೇಳಿದರೆ ಹೇಳುವವರಿಲ್ಲ.

ನಾಲ್ವರ ಹೆಲಿಕಾಪ್ಟರ್

ಈಗ ಮತ್ತೆ ಹೆಲಿಕಾಪ್ಟರಿಗೆ ಬರೋಣ. ಯುದ್ಧವಿಮಾನದಲ್ಲಿ ಹೆಚ್ಚಾಗಿ ಒಬ್ಬನೇ ಪೈಲಟ್ ಇರುತ್ತಾನೆ. ಅಪಾಯ ಬಂದರೆ ಆಸನದ ಸಮೇತ ಹೊರಕ್ಕೆ ಚಿಮ್ಮಿ ಪ್ಯಾರಾಚೂಟ್ ಬಿಚ್ಚಿಕೊಳ್ಳುವ ಅವಕಾಶ ಆತನಿಗಿದೆ. ಎಂಐ-17ರಂಥ ಹೆಲಿಕಾಪ್ಟರಿನಲ್ಲಿ ಆ ಅನುಕೂಲವಿಲ್ಲ. ತಲೆಯ ಮೇಲೆ ರೆಕ್ಕೆಗಳು ಗಿರಗಿರನೆ ತಿರುಗುತ್ತಿರುತ್ತವೆ. ಒಳಗಿದ್ದವರೆಲ್ಲರ ಹಣೆಬರಹ ಒಂದೇ.

ಆ ಒಳಗಿನವರಲ್ಲಿ ಪೈಲಟ್‌ಗಳು ಅಧಿಕಾರಿಗಳು. ಫ್ಲೈಟ್ ಎಂಜಿನಿಯರ್ ಮತ್ತು ಫ್ಲೈಟ್ ಗನ್ನರ್ ಎಂಬುವರು ಸಾಮಾನ್ಯವಾಗಿ ಸಾರ್ಜೆಂಟ್, ವಾರಂಟ್ ಆಫೀಸರ್ ದರ್ಜೆಯವರು. ಎಂಜಿನ್ನಿನ ಶಾಖ, ಎಣ್ಣೆಯ ಒತ್ತಡ, ಇಂಧನದ ಲೆಕ್ಕ ಫ್ಲೈಟ್ ಎಂಜಿನಿಯರನ ಕಣ್ಣಿನಲ್ಲಿರುತ್ತದೆ. ಇಬ್ಬರು ಪೈಲಟ್‌ಗಳ ನಡುವೆ, ತುಸು ಹಿಂದಕ್ಕೆ ಆತನ ಪುಟ್ಟ ಆಸನ. ಗನ್ನರ್‌ನದು ಬಂದೂಕಿನ ಹೊಣೆ. ಯುದ್ಧವಿಲ್ಲದ ದಿನಗಳಲ್ಲಿ ಇವರೇ ಪ್ರವಾಹದಲ್ಲಿ ಸಿಕ್ಕವರನ್ನು ಮೇಲೆತ್ತುವವರು, ಹಿಮದ ಶಿಖರಗಳಿಗೆ ಸೀಮೆಎಣ್ಣೆ, ಅಕ್ಕಿಬೇಳೆ ಇಳಿಸುವವರು.

ಇಂಥ ಹುಡುಗರು ಬರುವುದು ಬಹುಮಟ್ಟಿಗೆ ಹಳ್ಳಿ ಮತ್ತು ಸಣ್ಣ ಪಟ್ಟಣಗಳಿಂದ. ವಾಯುಪಡೆಗೆ ಏರ್‌ಮನ್‌ಗಳಾಗಿ ಸೇರಿದವರ ಆರಂಭದ ತರಬೇತಿ ಶಾಲೆ ಇರುವುದು ಬೆಳಗಾವಿ ಹತ್ತಿರದ ಸಾಂಬ್ರಾದಲ್ಲಿ. ತಾಂತ್ರಿಕ ತರಬೇತಿಯ ದೊಡ್ಡ ಕೇಂದ್ರ ಬೆಂಗಳೂರಿನ ಜಾಲಹಳ್ಳಿಯಲ್ಲಿದೆ. ದೇಶದ ಯಾವ ಮೂಲೆಯ ಹುಡುಗನಾದರೂ ನೀಲಿ ಸಮವಸ್ತ್ರದ ಮೊದಲ ಪಾಠಗಳನ್ನು ಕನ್ನಡದ ನೆಲದ ಮೇಲೆ ಕಲಿತಿರುವುದು ಅಪರೂಪವಲ್ಲ. ಓದು ಅರ್ಧಕ್ಕೆ ನಿಲ್ಲಿಸಿದ ತಮ್ಮನ ಫೀಸು, ತಂಗಿಯ ಮದುವೆಯ ಸಾಲ, ಮನೆಯ ಸೂರು ಇವೆಲ್ಲ ಆ ಸಂಬಳದ ಮೇಲೆ ನಿಂತಿರುತ್ತವೆ. ಆದ್ದರಿಂದ ಇಂಥ ಒಬ್ಬ ಅಣ್ಣ ಸತ್ತನೆಂದರೆ ಮನೆಯಲ್ಲಿ ಖಾಲಿಯಾಗುವುದು ಒಂದು ಮಂಚವಷ್ಟೇ ಅಲ್ಲ.

ತೋಲೋಲಿಂಗ್ ಶಿಖರದ ಮೇಲೆ

1999ರ ಬೇಸಿಗೆಯಲ್ಲಿ ಪಾಕಿಸ್ತಾನದ ಪಡೆಗಳು ಕಾರ್ಗಿಲ್ ವಲಯದ ಶಿಖರಗಳನ್ನು ಆಕ್ರಮಿಸಿಕೊಂಡಿದ್ದವು. ದ್ರಾಸ್ ಪಟ್ಟಣದ ಎದುರಿನ ತೋಲೋಲಿಂಗ್ ಶಿಖರದಿಂದ ಶ್ರೀನಗರ ಲೇಹ್ ಹೆದ್ದಾರಿ ನೇರವಾಗಿ ಕಾಣುತ್ತದೆ. ಅಲ್ಲಿ ಕುಳಿತವರು ಬಯಸಿದಾಗ ಲಾರಿಗಳ ಮೇಲೆ ಗುಂಡು ಸುರಿಸಬಹುದಿತ್ತು. ಮೇ 26ರಂದು ವಾಯುಪಡೆ 'ಸಫೇದ್ ಸಾಗರ್' ಕಾರ್ಯಾಚರಣೆ ಆರಂಭಿಸಿತು. ಮರುದಿನವೇ ಎರಡು ಯುದ್ಧವಿಮಾನಗಳು ನಷ್ಟವಾದವು. ಸ್ಕ್ವಾಡ್ರನ್ ಲೀಡರ್ ಅಜಯ್ ಅಹುಜಾ ಹತರಾದರು; ಫ್ಲೈಟ್ ಲೆಫ್ಟಿನೆಂಟ್ ನಚಿಕೇತ ಸೆರೆಸಿಕ್ಕಿ ಜೂನ್ 3ರಂದು ಬಿಡುಗಡೆಯಾದರು.

ಮೇ 28ರಂದು ತೋಲೋಲಿಂಗ್ ಮೇಲೆ ರಾಕೆಟ್ ದಾಳಿ ನಡೆಸುವ ಕೆಲಸ 'ನುಬ್ರಾ' ಎಂಬ ಸಂಕೇತನಾಮದ ಎಂಐ-17 ಹೆಲಿಕಾಪ್ಟರ್‌ಗಳ ತಂಡಕ್ಕೆ ಬಂತು. ಎಂಐ-17 ಮೂಲತಃ ಸಾಗಣೆಯ ಹೆಲಿಕಾಪ್ಟರ್. ದಾಳಿಗೆಂದೇ ಇದ್ದ ಎಂಐ-25, ಎಂಐ-35ಗಳು ಸುಮಾರು 15,000 ಅಡಿಯ ಆ ಎತ್ತರದಲ್ಲಿ ಕೆಲಸ ಮಾಡಲಾರವು. ಅಷ್ಟು ಮೇಲೆ ಗಾಳಿ ತೆಳುವಾಗಿರುತ್ತದೆ. ರೆಕ್ಕೆಗಳಿಗೆ ಹಿಡಿತ ಸಿಗುವುದಿಲ್ಲ, ಎಂಜಿನ್ನಿನ ಶಕ್ತಿ ಕುಗ್ಗುತ್ತದೆ. ಹೀಗಾಗಿ ಸಾಗಣೆಯ ಯಂತ್ರಕ್ಕೇ ರಾಕೆಟ್ ಕಟ್ಟಿ ಕಳಿಸಬೇಕಾಯಿತು.

ಉತ್ತರಪ್ರದೇಶದ ಸರ್ಸಾವಾ ವಾಯುನೆಲೆಯ 152ನೇ ಹೆಲಿಕಾಪ್ಟರ್ ಘಟಕಕ್ಕೆ ಸೇರಿದ ನಾಲ್ವರು ಅಂದು ಒಂದೇ ಯಂತ್ರದಲ್ಲಿದ್ದರು: ಸ್ಕ್ವಾಡ್ರನ್ ಲೀಡರ್ ರಾಜೀವ್ ಪುಂಡೀರ್, ಫ್ಲೈಟ್ ಲೆಫ್ಟಿನೆಂಟ್ ಎಸ್. ಮುಹಿಲನ್, ಸಾರ್ಜೆಂಟ್ ಪಿ.ವಿ.ಎನ್.ಆರ್. ಪ್ರಸಾದ್, ಸಾರ್ಜೆಂಟ್ ಆರ್.ಕೆ. ಸಾಹು. ದಾಳಿ ಮುಗಿಸಿ ಹಿಂತಿರುಗುವಾಗ ಶತ್ರುವಿನ ಸ್ಟಿಂಗರ್ ಕ್ಷಿಪಣಿ ಅವರ ಹೆಲಿಕಾಪ್ಟರಿಗೆ ಬಡಿಯಿತು. ಒಬ್ಬರೂ ಉಳಿಯಲಿಲ್ಲ.

ಸ್ಟಿಂಗರ್ ಎಂಬುದು ಒಬ್ಬ ಸೈನಿಕ ಹೆಗಲ ಮೇಲಿಟ್ಟು ಹಾರಿಸಬಹುದಾದ ಕ್ಷಿಪಣಿ. ಎಂಜಿನ್ನಿನ ಬಿಸಿಯನ್ನು ಮೂಸಿಕೊಂಡು ಅದು ಬೆನ್ನಟ್ಟುತ್ತದೆ. ಅದನ್ನು ದಾರಿ ತಪ್ಪಿಸಲು ಹೆಲಿಕಾಪ್ಟರಿನಿಂದ ಉರಿಯುವ ಫ್ಲೇರ್‌ಗಳನ್ನು ಉದುರಿಸುತ್ತಾರೆ. ಕ್ಷಿಪಣಿ ಆ ಬಿಸಿಯ ಕಡೆಗೆ ತಿರುಗುತ್ತದೆ. ಅಂದು ಉರುಳಿದ ಹೆಲಿಕಾಪ್ಟರಿನಲ್ಲಿ ಆ ಸಾಧನ ಇರಲಿಲ್ಲವೆಂದು ಯುದ್ಧಾನಂತರದ ಅಧ್ಯಯನಗಳು ಹೇಳಿವೆ. ಈ ಘಟನೆಯ ನಂತರ ದಾಳಿಯ ಕೆಲಸದಿಂದ ಹೆಲಿಕಾಪ್ಟರುಗಳನ್ನು ಹಿಂದಕ್ಕೆ ಕರೆಸಿಕೊಳ್ಳಲಾಯಿತು. ಗಾಯಾಳುಗಳನ್ನು ಹೊತ್ತು ತರುವ, ಸರಕು ಇಳಿಸುವ ಕೆಲಸವನ್ನು ಅವು ಮುಂದುವರಿಸಿದವು. ಜೂನ್ 13ರಂದು ತೋಲೋಲಿಂಗ್ ಮತ್ತೆ ಭಾರತದ ಸೈನ್ಯದ ವಶವಾಯಿತು.

ಕಾರ್ಗಿಲ್ ಕಲಿಸಿದ ಆ ಪಾಠದಿಂದ ಮೂಡಿದ್ದು ಎತ್ತರದ ಪ್ರದೇಶಕ್ಕೆ ತಕ್ಕ ಹಗುರ ಯುದ್ಧ ಹೆಲಿಕಾಪ್ಟರಿನ ಯೋಜನೆ. ಬೆಂಗಳೂರಿನ ಎಚ್‌ಎಎಲ್ ಅದನ್ನು ರೂಪಿಸಿತು. 2010ರ ಮಾರ್ಚ್ 29ರಂದು ಬೆಂಗಳೂರಿನಲ್ಲಿ ಮೊದಲ ಬಾರಿಗೆ ಹಾರಿದ ಆ ಯಂತ್ರ 'ಪ್ರಚಂಡ' ಎಂಬ ಹೆಸರಿನಿಂದ 2022ರ ಅಕ್ಟೋಬರ್ 3ರಂದು ವಾಯುಪಡೆಗೆ ಸೇರಿತು. 2023ರ ಫೆಬ್ರವರಿಯಲ್ಲಿ ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಎಚ್‌ಎಎಲ್‌ನ ಹೊಸ ಹೆಲಿಕಾಪ್ಟರ್ ಕಾರ್ಖಾನೆಯ ಉದ್ಘಾಟನೆಯಾಯಿತು. ಅದೂ ಒಂದು ಕಾವಲೇ. ಸತ್ತವರ ಸಾವಿನಿಂದ ಸರ್ಕಾರ ಪಾಠ ಕಲಿಯಲು ಎರಡು ದಶಕ ಹಿಡಿಯಿತು ಎಂದರೆ ಅದು ದೂರಲ್ಲ, ಲೆಕ್ಕ.

ದರ್ಜೆಯಿಲ್ಲದ ಗೋಡೆ

ಹೆಲಿಕಾಪ್ಟರ್ ಸಿಬ್ಬಂದಿಯ ಸಾವು ದೊಡ್ಡ ಪ್ರಮಾಣದಲ್ಲಿ ಜಗತ್ತಿನ ಕಣ್ಣಿಗೆ ಬಿದ್ದದ್ದು ವಿಯೆಟ್ನಾಂ ಯುದ್ಧದಲ್ಲಿ. ಅಮೆರಿಕ ಅಲ್ಲಿ ಸುಮಾರು 12,000 ಹೆಲಿಕಾಪ್ಟರುಗಳನ್ನು ಬಳಸಿತು. ಅವುಗಳಲ್ಲಿ 5,000ಕ್ಕೂ ಹೆಚ್ಚು ನಾಶವಾದವು. ಅಲ್ಲಿ ಹಾರಿದ ಪೈಲಟ್‌ಗಳ ಸಂಘ ಕಲೆಹಾಕಿದ ಲೆಕ್ಕದ ಪ್ರಕಾರ ಸತ್ತ ಪೈಲಟ್‌ಗಳು ಸುಮಾರು 2,200. ಪೈಲಟ್‌ಗಳಲ್ಲದ ಸಿಬ್ಬಂದಿ ಸುಮಾರು 2,700. ಹಿಂದೆ ಕುಳಿತವರೇ ಹೆಚ್ಚು ಸತ್ತಿದ್ದರು. ಅಲ್ಲಿನ 'ಕ್ರೂ ಚೀಫ್' ಹಗಲು ಹಾರಾಟದಲ್ಲಿ ಬಾಗಿಲ ಬಂದೂಕು ಹಿಡಿದು, ಇಳಿದ ಮೇಲೆ ಅದೇ ಹೆಲಿಕಾಪ್ಟರನ್ನು ರಿಪೇರಿ ಮಾಡುತ್ತಿದ್ದ. ಇಪ್ಪತ್ತರ ಆಸುಪಾಸಿನ ಹುಡುಗರೇ ಹೆಚ್ಚು. ಮದುವೆಯಾಗಿರದ ಅವರ ಹಿಂದೆ ಉಳಿದವರು ತಂದೆ ತಾಯಿ, ಅಣ್ಣ ತಮ್ಮ, ಅಕ್ಕ ತಂಗಿಯರು.

1982ರ ನವೆಂಬರ್ 13ರಂದು ವಾಷಿಂಗ್ಟನ್ನಿನಲ್ಲಿ ಉದ್ಘಾಟನೆಯಾದ ವಿಯೆಟ್ನಾಂ ಸ್ಮಾರಕ ಒಂದು ಕಪ್ಪು ಕಲ್ಲಿನ ಗೋಡೆ. ಅದನ್ನು ವಿನ್ಯಾಸಗೊಳಿಸಿದ ಮಾಯಾ ಲಿನ್ ಆಗಿನ್ನೂ 21ರ ವಿದ್ಯಾರ್ಥಿನಿ. 58,000ಕ್ಕೂ ಹೆಚ್ಚಿನ ಹೆಸರುಗಳನ್ನು ಸತ್ತ ದಿನಾಂಕದ ಕ್ರಮದಲ್ಲಿ ಕೆತ್ತಲಾಗಿದೆ. ದರ್ಜೆ ಇಲ್ಲ, ಪದಕದ ಉಲ್ಲೇಖವಿಲ್ಲ. ಒಂದೇ ಹೆಲಿಕಾಪ್ಟರಿನಲ್ಲಿ ಸತ್ತವರ ಹೆಸರುಗಳು ಹತ್ತಿರ ಹತ್ತಿರ ನಿಂತಿವೆ. ಬಂದವರು ಹೆಸರಿನ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದುಕೊಂಡು ಹೋಗುತ್ತಾರೆ. ಪತ್ರ, ಫೋಟೋ, ಹಳೆಯ ಬೂಟು ಇಟ್ಟು ಹೋಗುತ್ತಾರೆ. ಅವುಗಳನ್ನು ಅಲ್ಲಿನ ಉದ್ಯಾನ ಇಲಾಖೆ ಸಂಗ್ರಹಿಸಿಡುತ್ತದೆ. ಅದೇ ಯುದ್ಧದಲ್ಲಿ ಸತ್ತ ವಿಯೆಟ್ನಾಮಿನವರು ಇದಕ್ಕಿಂತ ಹಲವು ಪಟ್ಟು ಹೆಚ್ಚು. ಅಣ್ಣನ ಮೂಳೆಯಾದರೂ ಸಿಗಲಿ ಎಂದು ಅಲ್ಲಿನ ಎಷ್ಟೋ ಕುಟುಂಬಗಳು ದಶಕಗಳ ಕಾಲ ಹುಡುಕಿವೆ. ಅವರಿಗೆ ಅಷ್ಟು ದೊಡ್ಡ ಗೋಡೆ ಸಿಗಲಿಲ್ಲ.

ಭಾರತದಲ್ಲಿ ಇಂಥ ಸ್ಮಾರಕಕ್ಕೆ ಬಹುಕಾಲ ಕಾಯಬೇಕಾಯಿತು. ಇಂಡಿಯಾ ಗೇಟ್ ಬ್ರಿಟಿಷರು ತಮ್ಮ ಯುದ್ಧಗಳಲ್ಲಿ ಸತ್ತ ಭಾರತೀಯ ಸೈನಿಕರಿಗಾಗಿ ಕಟ್ಟಿದ್ದು. ಸ್ವತಂತ್ರ ಭಾರತದ ಸೈನಿಕರಿಗಾಗಿ ರಾಷ್ಟ್ರೀಯ ಯುದ್ಧ ಸ್ಮಾರಕ ದೆಹಲಿಯಲ್ಲಿ ಉದ್ಘಾಟನೆಯಾದದ್ದು 2019ರ ಫೆಬ್ರವರಿ 25ರಂದು. ಅದರ 'ತ್ಯಾಗ ಚಕ್ರ'ದ ಕಲ್ಲುಗಳ ಮೇಲೆ ಆಗ 25,942 ಹೆಸರುಗಳಿದ್ದವು. ಬೆಂಗಳೂರಿನ ಇಂದಿರಾಗಾಂಧಿ ಸಂಗೀತ ಕಾರಂಜಿ ಉದ್ಯಾನದ ರಾಷ್ಟ್ರೀಯ ಸೈನಿಕ ಸ್ಮಾರಕದಲ್ಲಿ ಒಂದೇ ಕಲ್ಲಿನ ಎತ್ತರದ ಸ್ತಂಭ ನಿಂತಿದೆ. ಅದಕ್ಕೆ ಇಟ್ಟ ಹೆಸರು 'ವೀರಗಲ್ಲು'. ಹಳೆಯ ಪದ ಹೊಸ ಕಾಲಕ್ಕೂ ಸಾಕಾಯಿತು.

ತೋಲೋಲಿಂಗ್‌ನ ನಾಲ್ವರ ವಿಷಯದಲ್ಲಿ ಒಂದು ನ್ಯಾಯ ನಡೆದಿದೆ. ಪೈಲಟ್ ಎಂದು ಹೆಚ್ಚಿಲ್ಲ, ಸಾರ್ಜೆಂಟ್ ಎಂದು ಕಡಿಮೆಯಿಲ್ಲ. ನಾಲ್ವರಿಗೂ ಮರಣೋತ್ತರವಾಗಿ ಒಂದೇ ಪದಕ ದೊರೆಯಿತು. ಅದು ಶೌರ್ಯಕ್ಕಾಗಿ ಕೊಡುವ ವಾಯುಸೇನಾ ಪದಕ. ಕಾರ್ಗಿಲ್ ವಿಜಯದ 25ನೇ ವರ್ಷದಲ್ಲಿ, 2024ರ ಜುಲೈನಲ್ಲಿ, ವಾಯುಪಡೆ ತನ್ನ ರಜತೋತ್ಸವವನ್ನು ಸರ್ಸಾವಾ ನೆಲೆಯಲ್ಲೇ ನಡೆಸಿತು. ಆಗಲೂ ನಾಲ್ಕು ಹೆಸರುಗಳನ್ನು ಒಟ್ಟಿಗೇ ನೆನೆಯಲಾಯಿತು.

ಒಡಹುಟ್ಟಿದವರ ಪಾಲು

ಸರ್ಕಾರಿ ಕಾಗದಗಳಲ್ಲಿ ಸತ್ತ ಯೋಧನ ಹತ್ತಿರದವರು ಎಂದರೆ ಮೊದಲು ಹೆಂಡತಿ, ಮಕ್ಕಳು. ಆಮೇಲೆ ತಂದೆ ತಾಯಿ. ಒಡಹುಟ್ಟಿದವರು ಬರುವುದು ಕೊನೆಗೆ. ಧ್ವಜ ಮಡಿಸಿ ಕೊಡುವಾಗ ಫೋಟೋದಲ್ಲಿ ಅವರು ಹಿಂದಿನ ಸಾಲಿನಲ್ಲಿರುತ್ತಾರೆ. ನಿಯಮದ ದೃಷ್ಟಿಯಿಂದ ಇದು ಸರಿಯೇ. ಆದರೆ ನೆನಪಿನ ಲೆಕ್ಕ ಬೇರೆ. ತಂದೆ ತಾಯಿ ಮಗನಿಗಿಂತ ಮೊದಲು ಹುಟ್ಟಿದವರು, ಬಹುಶಃ ಬೇಗ ಹೋಗುವವರು. ಹೆಂಡತಿ ಆತನನ್ನು ಕಂಡದ್ದು ದೊಡ್ಡವನಾದ ಮೇಲೆ. ಚಿಕ್ಕ ಮಕ್ಕಳಿಗೆ ಅಪ್ಪನ ಮುಖವೇ ಸರಿಯಾಗಿ ನೆನಪಿರುವುದಿಲ್ಲ. ಚಿಕ್ಕಂದಿನಿಂದ ಕೊನೆಯ ರಜೆಯವರೆಗೆ ಆತನನ್ನು ಬಲ್ಲವರು ಒಂದೇ ತಟ್ಟೆಯಲ್ಲಿ ಉಂಡವರು, ಒಂದೇ ಕಂಬಳಿ ಹೊದ್ದವರು.

ಕಾರ್ಗಿಲ್ ಯುದ್ಧದಲ್ಲಿ ಸತ್ತ ಕ್ಯಾಪ್ಟನ್ ವಿಕ್ರಂ ಬಾತ್ರಾ ಅವರ ಅವಳಿ ಸಹೋದರ ವಿಶಾಲ್ ಬಾತ್ರಾ ಅವರು ತಮ್ಮ ಸಹೋದರನ ಬದುಕನ್ನು ಊರೂರಿಗೆ ಹೇಳುತ್ತ ಬಂದಿದ್ದಾರೆ. ಆ ಕಥೆ 2021ರಲ್ಲಿ ಸಿನಿಮಾ ಕೂಡ ಆಯಿತು. ಪರಮವೀರ ಚಕ್ರ ಪಡೆದವನ ಸಹೋದರನಿಗೆ ಕೇಳುವ ಕಿವಿಗಳಿವೆ. ಒಬ್ಬ ಸಾರ್ಜೆಂಟನ ತಮ್ಮನಿಗೆ, ಒಬ್ಬ ಗನ್ನರನ ತಂಗಿಗೆ ಅಂಥ ವೇದಿಕೆ ಸಿಗುವುದು ಅಪರೂಪ. ಅವರು ನೆನಪನ್ನು ಮನೆಯೊಳಗೇ ಇಟ್ಟುಕೊಳ್ಳುತ್ತಾರೆ.

ನಮ್ಮ ಹಳ್ಳಿಗಳಲ್ಲಿ ಅದಕ್ಕೊಂದು ಕ್ರಮವೂ ಇದೆ. ಹಿರಿಯರ ಹಬ್ಬದ ದಿನ ಹೊಸಬಟ್ಟೆ ಇಟ್ಟು, ಸತ್ತವನಿಗೆ ಇಷ್ಟವಾಗಿದ್ದ ಅಡುಗೆ ಮಾಡಿ ಎಡೆ ಇಡುತ್ತಾರೆ. ಏನು ಇಷ್ಟ ಎಂದು ಸೊಸೆಯರಿಗೆ ಹೇಳಿಕೊಡುವವಳು ಅಕ್ಕನೋ ತಂಗಿಯೋ ಆಗಿರುತ್ತಾಳೆ. ಅಣ್ಣನ ಹೆಸರನ್ನು ತಮ್ಮ ತನ್ನ ಮಗನಿಗೆ ಇಡುತ್ತಾನೆ. ಆಮೇಲೆ ಆ ಮಗನನ್ನು ಗದರುವಾಗ ಹೆಸರು ಹಿಡಿದು ಕೂಗಲು ಮನಸ್ಸಾಗದೆ 'ಅಣ್ಣಪ್ಪ' ಎಂದೋ 'ಅಪ್ಪಾಜಿ' ಎಂದೋ ಕರೆಯುತ್ತಾನೆ. ಹೆಣ್ಣುಮಕ್ಕಳ ಬೀಸುವ ಹಾಡುಗಳಲ್ಲಿ ತವರಿನ ಅಣ್ಣ ತಮ್ಮಂದಿರಿಗೆ ಇರುವಷ್ಟು ಜಾಗ ರಾಜ ಮಹಾರಾಜರಿಗಿಲ್ಲ. ಪಂಚಮಿಗೆ ಕರೆಯಲು ಬರಬೇಕಾದ ಅಣ್ಣ ಬರಲಿಲ್ಲವೆಂದರೆ ಆ ದುಃಖಕ್ಕೆ ಸರ್ಕಾರದ ಪದಕ ಪರಿಹಾರವಲ್ಲ.

ಈ ನೆನಪುಗಳಿಗೆ ಒಂದು ಮಿತಿಯಿದೆ. ಅವು ಒಬ್ಬರ ಎದೆಯಲ್ಲಿರುತ್ತವೆ, ಅವರೊಡನೆ ಹೋಗುತ್ತವೆ. 1999ರಲ್ಲಿ 25 ವರ್ಷದವರಾಗಿದ್ದ ತಮ್ಮಂದಿರು ಈಗ 50 ದಾಟಿದ್ದಾರೆ. 1971ರ ಯುದ್ಧದಲ್ಲಿ ಅಣ್ಣನನ್ನು ಕಳೆದುಕೊಂಡ ತಂಗಿಯರು ಅಜ್ಜಿಯರಾಗಿದ್ದಾರೆ. 1962ರವರನ್ನು ಬಲ್ಲವರು ಬೆರಳೆಣಿಕೆಯಷ್ಟೂ ಉಳಿದಿರಲಿಕ್ಕಿಲ್ಲ.

ಊರ ಮುಂದಿನ ಫಲಕ

2023ರ ಆಗಸ್ಟ್‌ನಲ್ಲಿ 'ನನ್ನ ಮಣ್ಣು ನನ್ನ ದೇಶ' ಅಭಿಯಾನದ ಅಂಗವಾಗಿ ದೇಶದ ಗ್ರಾಮ ಪಂಚಾಯಿತಿಗಳಲ್ಲಿ ಹುತಾತ್ಮರ ನೆನಪಿನ ಶಿಲಾಫಲಕಗಳನ್ನು ನಿಲ್ಲಿಸಲಾಯಿತು. ಊರ ಮುಂದೆ ಮತ್ತೆ ಕಲ್ಲು ಬಂತು ಎನ್ನಬಹುದು. ಆದರೆ ಅಂಥ ಫಲಕದ ಮೇಲೆ ಒಂದು ಹೆಸರಿಗೆ ಒಂದು ಸಾಲಿಗಿಂತ ಹೆಚ್ಚು ಜಾಗ ಸಿಗುವುದಿಲ್ಲ. ಹೆಸರಿನ ಮುಂದೆ ಯಾವ ಪಡೆ, ಯಾವ ಕೆಲಸ, ಯಾವ ದಿನ, ಎಲ್ಲಿ ಎಂಬ ನಾಲ್ಕು ಮಾತು ಸೇರಿದರೆ ಹತ್ತು ವರ್ಷಗಳ ನಂತರ ಓದುವ ಶಾಲಾ ಹುಡುಗನಿಗೆ ಅರ್ಥವಾದೀತು. ಆತ ಹೇಗೆ ನಗುತ್ತಿದ್ದ, ಯಾವ ಕೆರೆಯಲ್ಲಿ ಈಜು ಕಲಿತ, ಕೊನೆಯ ಸಲ ಬಸ್ಸು ಹತ್ತುವಾಗ ಏನು ಹೇಳಿದ ಎಂಬುದನ್ನು ಕಲ್ಲಿನ ಮೇಲೆ ಬರೆಯಲಾಗದು. ಅದನ್ನು ಅಣ್ಣ ತಮ್ಮ, ಅಕ್ಕ ತಂಗಿಯರಿಂದ ಕೇಳಿ ಪುಸ್ತಕದಲ್ಲಿ ಬರೆದಿಡಬೇಕಾಗುತ್ತದೆ. ಪಂಚಾಯಿತಿಯಲ್ಲೊಂದು ದಪ್ಪ ರಿಜಿಸ್ಟರ್, ಶಾಲೆಯ ಮೇಷ್ಟ್ರೊಬ್ಬರ ಆಸಕ್ತಿ ಇದ್ದರೆ ಇದಕ್ಕೆ ಸಾಕು.

ಚಳ್ಳಕೆರೆ ಸೀಮೆಯ ಆಕಾಶದಲ್ಲಿ ಹಾರುವ ಮಾನವರಹಿತ ವಿಮಾನಗಳು ಮುಂದೊಂದು ದಿನ ಮನುಷ್ಯರನ್ನು ಇಂಥ ಅಪಾಯದ ಹಾರಾಟಗಳಿಂದ ಬಿಡಿಸಿದರೆ ಅದು ಒಳ್ಳೆಯದೇ. ಬಿದ್ದರೂ ಯಾವ ಮನೆಯೂ ಬರಿದಾಗದಂಥ ಯಂತ್ರ ಬೇಕೆಂದು ಹೆತ್ತವರೆಲ್ಲ ಹಾರೈಸುತ್ತಾರೆ. ಅಲ್ಲಿಯವರೆಗೆ ಹೆಲಿಕಾಪ್ಟರಿನ ಒಳಗೆ ಯಾರಾದರೂ ಇರಲೇಬೇಕು. ಇಬ್ಬರು ಮುಂದೆ, ಇಬ್ಬರು ಹಿಂದೆ.

ದೊಡ್ಡಉಳ್ಳಾರ್ತಿಯಂಥ ಊರಿನಿಂದ ಸೈನ್ಯಕ್ಕೆ ಹೋಗುವ ಹುಡುಗ ಹಿಂದೆ ಕುಳಿತುಕೊಳ್ಳುವವನೇ ಆಗಿರುವ ಸಂಭವ ಹೆಚ್ಚು. ಹಳೆಯ ಕಾಲದ ತಮ್ಮ ಅಣ್ಣನಿಗಾಗಿ ರೂವಾರಿಯನ್ನು ಹುಡುಕಿಕೊಂಡು ಹೋದಂತೆ, ಅವನ ಹೆಸರನ್ನು ಕೇಳಿ ಬರೆಸುವವರು ಊರಿನಲ್ಲಿ ಇರಬೇಕು. ಹೆಸರು ಬರೆಸದ ಕಲ್ಲುಗಳು ನಮ್ಮಲ್ಲಿ ಈಗಾಗಲೇ ಬೇಕಾದಷ್ಟಿವೆ.